ಅಕ್ಕನ ಹಸಿರು ನೆಲ

ಮೂಡುಬಿದಿರೆಯಲ್ಲಿ ಅಪ್ಪ ಮನೆ ಕಟ್ಟಿಸಿದ ಜಾಗ ಇಳಿಜಾರಿನದು. ಹಿಂದೆ ಗುಡ್ಡೆ, ಎದುರಿಗೆ ರಸ್ತೆ. ಗುಡ್ಡೆಯ ಕಡೆ ನೆಲ ಸಮವಾಗಿ ಸಿಕ್ಕಿತು, ರಸ್ತೆಯ ಕಡೆ ಒಂದಾಳು ಎತ್ತರಕ್ಕಿಂತ ಹೆಚ್ಚು ತಗ್ಗು ಉಳಿಯಿತು. ಅದಕ್ಕೆ ಮಣ್ಣು ತುಂಬಿಸುವ ಬದಲು ಮೇಸ್ತ್ರಿ ಸುತ್ತ ಕೆಂಪು ಮುರಕಲ್ಲಿನ ಗೋಡೆ ಎಬ್ಬಿಸಿ, ಅಡಿಗೆ ಜಲ್ಲಿ ಕಾಂಕ್ರೀಟು ಹಾಕಿ ಒಂದು ಕೋಣೆ ಮಾಡಿಕೊಟ್ಟರು. ಅದರ ತಲೆಯ ಮೇಲೆ ನಮ್ಮ ಮನೆ. ಮೂರು ಕಡೆ ಮಣ್ಣಿನಲ್ಲಿ ಹೂತು, ಒಂದೇ ಕಡೆ ರಸ್ತೆಗೆ ಬಾಗಿಲಿದ್ದ ಆ ಕೋಣೆಯನ್ನು ನಾವು ‘ಅಡಿಕೋಣೆ’ ಎನ್ನುತ್ತಿದ್ದೆವು. ಸೌದೆ, ತೆಂಗಿನಕಾಯಿ, ಅಪ್ಪನ ಖಾಲಿ ಪೈಂಟಿನ ಡಬ್ಬಗಳು ಅಲ್ಲಿರುತ್ತಿದ್ದವು. ಏನಾದರೂ ತರುವುದಿದ್ದರೆ ಮಾತ್ರ ನಾವು ಅಲ್ಲಿಗೆ ಇಳಿಯುತ್ತಿದ್ದದ್ದು.

ಆ ಕೋಣೆ ತನಗೆ ಬೇಕೆಂದು ಅಕ್ಕ ಕೇಳಿದ್ದು ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ. ನಾನಾಗ ಶಿರ್ತಾಡಿಯ ಶಾಲೆಯೊಂದರಲ್ಲಿ ಟೀಚರಾಗಿ ಸೇರಿ ಒಂದು ವರ್ಷ ಆಗಿತ್ತು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳು ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊ ಎರಡೂ ಕಾಲಿನ ಬಲವನ್ನು ಕೊಂಡುಹೋಗಿತ್ತು. ಕೂತುಕೊಂಡು, ಅಂಗೈಗಳನ್ನು ನೆಲಕ್ಕೆ ಊರಿ, ಮೈಯನ್ನು ಎತ್ತಿ ಮುಂದೆ ಇಡುವುದೇ ಅವಳ ನಡಿಗೆ. ಮೇಲಿನ ಮನೆಯ ಕೆಂಪು ಕಾವಿ ಹಾಕಿದ ಸಿಮೆಂಟಿನ ನೆಲ ಕನ್ನಡಿಯ ಹಾಗಿತ್ತು. ಅದರ ಮೇಲೆ ಅವಳು ಅಡುಗೆಮನೆಯಿಂದ ಜಗಲಿಗೆ ಬರುವ ವೇಗ ನೋಡಿದರೆ ನೆಂಟರು ಬಾಯಿ ತೆರೆದು ನಿಲ್ಲುತ್ತಿದ್ದರು. ಆದರೆ ಜಗಲಿಯಿಂದ ರಸ್ತೆಗೆ ಹನ್ನೊಂದು ಮೆಟ್ಟಿಲುಗಳಿದ್ದವು. ಆ ಮೆಟ್ಟಿಲು ಇಳಿಯಬೇಕಾದರೆ ಅಪ್ಪ ಎತ್ತಿಕೊಳ್ಳಬೇಕಿತ್ತು. ಅಪ್ಪನಿಗೆ ಅದು ಭಾರವೆಂದು ಯಾವತ್ತೂ ಅನಿಸಲಿಲ್ಲ. ಅಕ್ಕನಿಗೆ ಅನಿಸುತ್ತಿತ್ತು.

ಊಟಕ್ಕೆ ಕೂತಿದ್ದಾಗ ಅವಳು ಹೇಳಿದಳು, “ಅಪ್ಪ, ನನಗೆ ಅಡಿಕೋಣೆ ಕೊಡಿ.”

“ಬೀಡಿ ಕಟ್ಟಲಿಕ್ಕಾ? ಇಲ್ಲೇ ಜಗಲಿಯಲ್ಲಿ ಕಟ್ಟು. ಗಾಳಿ ಉಂಟು, ಬೆಳಕು ಉಂಟು.”

“ಬೀಡಿಗೆ ಅಲ್ಲ. ಹೊಲಿಯಲಿಕ್ಕೆ. ಆ ಬಾಗಿಲಿಗೆ ಮೆಟ್ಟಿಲಿಲ್ಲ. ಜನ ನೇರ ಒಳಗೆ ಬರ್ತಾರೆ. ಬೆಳಿಗ್ಗೆ ಒಮ್ಮೆ ನೀವು ಇಳಿಸಿ, ರಾತ್ರಿ ಹತ್ತಿಸಿದರೆ ಸಾಕು, ನಡುವೆ ನಾನು ನೇರ ಹೊರಗೆ ಹೋಗ್ತೇನೆ.”

ಅವಳು ಹದಿನೈದನೆಯ ವರ್ಷದಿಂದ ಬೀಡಿ ಕಟ್ಟುತ್ತಿದ್ದಳು. ಅದರ ಮಧ್ಯೆಯೇ ಕೈಯಿಂದ ತಿರುಗಿಸುವ ಹೊಲಿಗೆ ಮೆಷಿನಿನಲ್ಲಿ ನೆರೆಯವರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಅವಳು ಹೊಲಿದ ರವಿಕೆ ಮೈಗೆ ಅಂಟಿದ ಹಾಗೆ ಕೂರುತ್ತದೆ ಎಂಬ ಹೆಸರು ಆಗಲೇ ಇತ್ತು. ಅಪ್ಪ ಅನ್ನ ಕಲಸಿ ಒಂದು ತುತ್ತು ಉಂಡರು. ಮತ್ತೆ “ಆಯ್ತು” ಅಂದರು.

ಸೌದೆ ಹೊರಗೆ ಹೋಯಿತು, ಮೆಷಿನ್ ಒಳಗೆ ಬಂತು. ಒಂದು ವಾರದಲ್ಲಿ ಕಷ್ಟ ಗೊತ್ತಾಯಿತು. ಆ ನೆಲ ಸೌದೆಗೆಂದು ಮಾಡಿದ್ದು. ಮೇಸ್ತ್ರಿ ಅದನ್ನು ನುಣುಪು ಮಾಡಿರಲಿಲ್ಲ. ಎಷ್ಟು ಗುಡಿಸಿದರೂ ಬೂದು ಬಣ್ಣದ ಸಿಮೆಂಟಿನ ಹುಡಿ ಏಳುತ್ತಲೇ ಇತ್ತು. ಬಿಳಿ ಬಟ್ಟೆ ಮುಟ್ಟುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅಕ್ಕನ ಅಂಗೈ ತರಚಿ ಕೆಂಪಾಯಿತು. ರಾತ್ರಿ ಊಟದ ಹೊತ್ತಿಗೆ ಸಾರು ತಾಗಿ ಉರಿದಾಗ ಅವಳು ಕೈ ಕೊಡವಿದ್ದನ್ನು ಅಮ್ಮ ನೋಡಿದರು.

“ಅಲ್ಲಿಗೂ ಕಾವಿ ಹಾಕಿಸುವ” ಎಂದು ಅಮ್ಮ ಹೇಳಿದರು.

“ಬೇಡ” ಅಂದಳು ಅಕ್ಕ. “ಕಾವಿ ಹಾಕಿದರೆ ನೆಲ ಎರಡು ಇಂಚು ಏಳ್ತದೆ. ಬಾಗಿಲಲ್ಲಿ ಮೆಟ್ಟಿಲಾಗ್ತದೆ.”

ಎರಡು ಇಂಚನ್ನು ನಾವ್ಯಾರೂ ಮೆಟ್ಟಿಲೆಂದು ಎಣಿಸಿದವರಲ್ಲ. ಅವಳು ಎಣಿಸಿದ್ದಳು.

“ಹಾಗಾದರೆ ಪೈಂಟ್ ಹೊಡೆಯುವ” ಅಂದರು ಅಪ್ಪ. ಹಾಗೆ ಹೇಳುವಾಗ ಅವರ ಮುಖ ಅರಳಿತು. ಅಪ್ಪ ಬಸ್ಸಿನ ಗ್ಯಾರೇಜಿನಲ್ಲಿ ಪೈಂಟರ್. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ, ವೇಣೂರಿನ ಮೇಲಾಗಿ ಬೆಳ್ತಂಗಡಿಗೆ ಓಡುತ್ತಿದ್ದ ಎಷ್ಟೋ ಬಸ್ಸುಗಳ ಮೈಬಣ್ಣ ಅವರ ಕೈಯದು. ರಸ್ತೆಯಲ್ಲಿ ಬಸ್ಸು ಹೋದರೆ ಅವರು ಅದರ ಬೋರ್ಡು ಓದುತ್ತಿರಲಿಲ್ಲ, ಬದಿಯ ಪಟ್ಟಿ ಎಷ್ಟು ನೇರ ಇದೆಯೆಂದು ನೋಡುತ್ತಿದ್ದರು. ಮಗಳಿಗಾಗಿ ತಮ್ಮ ಕಸುಬಿನಿಂದ ಒಂದು ಕೆಲಸ ಮಾಡುವ ಅವಕಾಶ ಅವರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ ಎಂದು ಕಾಣುತ್ತದೆ.

ಗ್ಯಾರೇಜಿನ ಧಣಿಗಳಲ್ಲಿ ಕೇಳಿ ಬಸ್ಸಿಗೆ ಹೊಡೆದು ಉಳಿದ ದಟ್ಟ ಹಸಿರು ಎನಾಮಲ್ ತಂದರು. ನೆಲವನ್ನು ತೊಳೆದು, ಒಂದು ದಿನ ಒಣಗಿಸಿ, ಮೇ ತಿಂಗಳ ಎರಡು ಆದಿತ್ಯವಾರ ಕೂತು ಎರಡು ಕೋಟು ಹೊಡೆದರು. ಬ್ರಶ್ ಎಲ್ಲಿ ಹೋಯಿತು, ಎಲ್ಲಿ ಬಂತು ಎಂದು ಗೊತ್ತಾಗದ ಹಾಗೆ ಹೊಡೆದಿದ್ದರು. ಅಡಿಕೋಣೆ ಕೆರೆಯ ಹಾಗೆ ಹೊಳೆಯಿತು. ನೋಡಲಿಕ್ಕೆ ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ನಿಂತು, ಒಳಗೆ ಕಾಲಿಡಲಿಕ್ಕೆ ಅನುಮಾನಿಸಿದರು. ಅಕ್ಕ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ಹೋಗಿ ಬಂದಳು. “ಕೈಗೆ ಬೆಣ್ಣೆ ಮುಟ್ಟಿದ ಹಾಗೆ ಆಗ್ತದೆ” ಅಂದಳು.

ಕೋಣೆಯ ಗುಡ್ಡೆಯ ಕಡೆಯ ಒಳಮೂಲೆಗಳಲ್ಲಿ ಬೇಸಿಗೆಯಲ್ಲೂ ಒಂದು ತಣ್ಣಗಿನ ವಾಸನೆ ಇರುತ್ತಿತ್ತು. “ಒರತೆ ಗಿರತೆ ಉಂಟಾ ನೋಡಿ” ಎಂದು ಅಮ್ಮ ಒಮ್ಮೆ ಹೇಳಿದ್ದರು. ಅಪ್ಪ ನಕ್ಕುಬಿಟ್ಟಿದ್ದರು. “ಈ ಪೈಂಟ್ ಬಸ್ಸಿನ ಮೈಮೇಲೆ ಇಡೀ ಮಳೆಗಾಲ ನೆನೀತದೆ ಮಾರಾಯ್ತಿ. ಮನೆಯ ಮಾಡಿನ ಅಡಿಯಲ್ಲಿ ಇದಕ್ಕೆಂತ ಆಗ್ತದೆ?”

ಜೂನಿನಲ್ಲಿ ಮಳೆ ಹಿಡಿಯಿತು. ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೆ ಗುಡ್ಡೆಯ ಕಡೆಯ ಗೋಡೆಯ ಬುಡದಲ್ಲಿ ಹಸಿರು ನೆಲ ಅಲ್ಲಲ್ಲಿ ಬೊಕ್ಕೆ ಎದ್ದಿತು. ಬೆರಳಿನಿಂದ ಒತ್ತಿದರೆ ಒಳಗೆ ನೀರು ಸರಿದಾಡುವುದು ಕಾಣುತ್ತಿತ್ತು. ದಿನ ಹೋದ ಹಾಗೆ ಬೊಕ್ಕೆ ಒಡೆದು, ಪೈಂಟು ಸುಟ್ಟ ಹಪ್ಪಳದ ಹಾಗೆ ಸುರುಳಿಯಾಗಿ ಏಳತೊಡಗಿತು. ಅಕ್ಕ ಚಾಪೆ ಹಾಕಿ ಮುಚ್ಚಿದಳು. ಅಪ್ಪನಿಗೆ ತೋರಿಸಬೇಡ ಎಂದು ನನಗೆ ಹೇಳಿದಳು. ಅಪ್ಪ ನೋಡಿದ್ದರು. ನಮಗೆ ಹೇಳಿರಲಿಲ್ಲ, ಅಷ್ಟೆ.

ಅದೇ ಸಮಯಕ್ಕೆ ನಮ್ಮ ರಸ್ತೆಯ ಕೊನೆಯ ಬ್ಯಾರಿ ಮುಸಲ್ಮಾನರ ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಆ ಮನೆಯ ಯಜಮಾನರಿಗೆ ಪೇಟೆಯಲ್ಲಿ ಅಕ್ಕಿ ಬೇಳೆಯ ಜೀನಸಿನ ಅಂಗಡಿ. ಅವರ ಹೆಂಡತಿಯನ್ನು ಮಕ್ಕಳು ಉಮ್ಮ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಗಲ್ಫಿನಲ್ಲಿದ್ದ ದೊಡ್ಡ ಮಗ ತಂಗಿಯ ಮದುವೆಗೆಂದು ಕೆನೆ ಬಣ್ಣದ ಸ್ಯಾಟಿನ್ ಬಟ್ಟೆ ಕಳಿಸಿದ್ದ. ಉಮ್ಮ ಅದನ್ನು ಪೇಟೆಯ ಟೈಲರಿಗೆ ಕೊಡದೆ ಅಕ್ಕನಿಗೆ ಕೊಟ್ಟರು. ಅಕ್ಕ ಅದನ್ನು ಮೂರು ದಿನ ಮಡಚಿದಲ್ಲೇ ಇಟ್ಟು ನೋಡಿದಳು. ನಾಲ್ಕನೆಯ ದಿನ ಚಾಪೆಯ ಮೇಲೆ ಹಾಸಿ ಗುರುತು ಮಾಡಲಿಕ್ಕೆ ಕೂತಳು. ತುದಿ ಹಿಡಿಯಲಿಕ್ಕೆ ಒಂದು ಗೇಣು ಹಿಂದೆ ಸರಿದಾಗ ಅಂಗೈಗೆ ಎದ್ದ ಪೈಂಟಿನ ಒಂದು ಹಸಿ ಸಿಪ್ಪೆ ಅಂಟಿತು. ಅದು ಅವಳಿಗೆ ಗೊತ್ತಾಗಲಿಲ್ಲ. ಅದೇ ಕೈಯನ್ನು ಬಟ್ಟೆಯ ಮೇಲೆ ಊರಿದಳು.

ನಾನು ಶಾಲೆಯಿಂದ ಬಂದಾಗ ಅವಳು ಆ ಬಟ್ಟೆಯ ಎದುರು ಕೂತಿದ್ದಳು. ಬಟ್ಟೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಹಸಿರು ಕಲೆ. ಸಾಬೂನಿಗೆ ಹೋಗಲಿಲ್ಲ, ಸೀಮೆಎಣ್ಣೆ ಮುಟ್ಟಿಸಲಿಕ್ಕೆ ಧೈರ್ಯ ಬರಲಿಲ್ಲ. ಅಪ್ಪ ಬಂದರು, ನೋಡಿದರು, ಮೇಲೆ ಹೋದರು. ಮರುದಿನ ಗ್ಯಾರೇಜಿಗೆ ಹೋಗದೆ ತಮ್ಮನ್ನೇ ಬೈದುಕೊಂಡು ಕೂತರು. ಅಮ್ಮ ಚಹಾ ಕೊಟ್ಟರೆ ಅದು ಅಲ್ಲೇ ತಣಿಯಿತು.

“ನಾನು ಉಮ್ಮನಿಗೆ ಹೇಳಿ ಬರ್ತೇನೆ” ಎಂದೆ.

“ನೀನು ಯಾಕೆ? ಕೈ ಊರಿದ್ದು ನಾನು” ಅಂದಳು ಅಕ್ಕ. “ರಿಕ್ಷಾ ಕರಿ.”

ಅವಳು ಒಬ್ಬರ ಮನೆಗೆ ಹೋಗಿ ಎಷ್ಟು ವರ್ಷವಾಗಿತ್ತೋ. ಮದುವೆ, ಬಾಣಂತಿ ನೋಡುವುದು, ಯಾವುದಕ್ಕೂ ಅವಳು ಹೋಗುತ್ತಿರಲಿಲ್ಲ. ಎಲ್ಲರ ಎದುರು ಎತ್ತಿ ಇಳಿಸುವುದು ಅವಳಿಗೆ ಆಗುತ್ತಿರಲಿಲ್ಲ. ಆ ದಿನ ಅವಳೇ ಕೋಣೆಯ ಬಾಗಿಲಿನಿಂದ ಹೊರಗೆ ಸರಿದು, ರಿಕ್ಷಾದ ಕಂಬಿ ಹಿಡಿದು, ಮೈಯನ್ನು ಮೇಲೆಳೆದು ಒಳಗೆ ಕೂತಳು. ನಾನು ಕೊಡೆ ಹಿಡಿದಿದ್ದೆ, ಅಷ್ಟೇ ನನ್ನ ಕೆಲಸ.

ಉಮ್ಮನ ಮನೆಗೂ ಮೆಟ್ಟಿಲಿತ್ತು. ರಿಕ್ಷಾದಿಂದ ಇಳಿದ ಅಕ್ಕ ಮೊದಲನೆಯ ಮೆಟ್ಟಿಲಿನ ಮೇಲೆ ಕೂತು, “ಉಮ್ಮಾ” ಎಂದು ಕರೆದಳು. ಉಮ್ಮ ಹೊರಗೆ ಬಂದು ಅವಳನ್ನು ಅಲ್ಲಿ ನೋಡಿ ಒಂದು ಗಳಿಗೆ ನಿಂತರು. ಒಳಗೆ ಬಾ ಎನ್ನಲಿಲ್ಲ. ಸರಸರನೆ ಇಳಿದು ಬಂದು ಅದೇ ಮೆಟ್ಟಿಲಿನ ಮೇಲೆ, ಅವಳ ಪಕ್ಕದಲ್ಲಿ ಕೂತರು. ಮಾಡಿನ ನೀರು ಇಬ್ಬರ ಕಾಲ ಬುಡದಲ್ಲಿ ಬೀಳುತ್ತಿತ್ತು.

ಅಕ್ಕ ಬಟ್ಟೆ ಬಿಡಿಸಿದಳು. “ನಿಮ್ಮ ಬಟ್ಟೆ ಹಾಳು ಮಾಡಿದೆ. ನೆಲದ ಪೈಂಟ್ ಕೈಗೆ ಅಂಟಿತ್ತು, ನಾನು ನೋಡಲಿಲ್ಲ” ಎಂದಳು. ನೆಪ ಹೇಳಲಿಲ್ಲ, ಅಳಲಿಲ್ಲ.

ಉಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಹಿಂದಿನಿಂದಲೂ ನೋಡಿದರು. “ಇದು ಎಷ್ಟು ಗಜ ಉಂಟು?”

“ಎರಡು.”

“ರವಿಕೆಗೆ ಎಷ್ಟು ಬೇಕು?”

“ಒಂದೂವರೆ ಧಾರಾಳ.”

“ಹಾಗಾದರೆ ಈ ತುದಿ ಬಿಟ್ಟು ಕತ್ತರಿಸು. ಸಾಕಾಗದಿದ್ದರೆ ಈ ಕಲೆ ಕಂಕುಳದ ಅಡಿಗೆ ಬರುವ ಹಾಗೆ ಮಾಡು. ಮದುಮಗಳು ಕೈ ಎತ್ತಿ ಕುಣೀಲಿಕ್ಕುಂಟಾ?”

ಅಕ್ಕನಿಗೆ ನಗು ಬಂತು, ಮತ್ತೆ ಅಳುವೂ ಬಂತು. ಉಮ್ಮ ಅವಳ ಅಂಗೈ ತಿರುಗಿಸಿ ನೋಡಿದರು. ಹಳೆಯ ತರಚು ಗಾಯದ ಕಲೆಗಳ ಮೇಲೆ ಹಸಿರು ಇನ್ನೂ ಅಂಟಿತ್ತು. “ನಿನ್ನ ಅಪ್ಪನಿಗೆ ಹೇಳು ಮಗಳೇ, ತನ್ನನ್ನೇ ಬೈದುಕೊಳ್ಳುವುದು ಬಿಟ್ಟು ನೆಲ ಸರಿ ಮಾಡಲಿಕ್ಕೆ. ನನಗೆ ಇನ್ನೂ ಎರಡು ಹೆಣ್ಣುಮಕ್ಕಳಿದ್ದಾರೆ.” ಅಪ್ಪ ಬೈದುಕೊಳ್ಳುತ್ತಿದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ, ಇವತ್ತಿಗೂ ನನಗೆ ತಿಳಿಯದು.

ರವಿಕೆ ಚೆನ್ನಾಗಿ ಬಂತು, ಕಲೆ ಯಾರಿಗೂ ಕಾಣಲಿಲ್ಲ. ಅಕ್ಕ ಆ ಮದುವೆಗೆ ಹೋದಳು.

ಅಪ್ಪ ಮಾತ್ರ ಸುಧಾರಿಸಿಕೊಳ್ಳಲಿಲ್ಲ. ಇನ್ನು ತಾನು ಆ ನೆಲಕ್ಕೆ ಬ್ರಶ್ ಮುಟ್ಟಿಸುವುದಿಲ್ಲ ಎಂದರು. ಬಂಟ್ವಾಳದ ಅಕ್ಕಿ ಗಿರಣಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದ ಅಜ್ಜರೊಬ್ಬರಿಗೆ ಇಂಥ ನೆಲದ ಕೆಲಸ ಚೆನ್ನಾಗಿ ಗೊತ್ತೆಂದು ಗ್ಯಾರೇಜಿನಲ್ಲಿ ಯಾರೋ ಹೇಳಿದ್ದರು. ಅಪ್ಪ ಹೋಗಲು ಒಪ್ಪಲಿಲ್ಲ. ಇಪ್ಪತ್ತೈದು ವರ್ಷ ಬ್ರಶ್ ಹಿಡಿದವನು ಪೈಂಟ್ ಹೊಡೆಯುವುದು ಹೇಗೆಂದು ಕೇಳಲಿಕ್ಕೆ ಹೋಗುವುದೆ? ಕೊನೆಗೆ ಅಮ್ಮ ಒಂದು ಆದಿತ್ಯವಾರ ಅವರಿಗೆ ಒಗೆದ ಅಂಗಿ ಕೊಟ್ಟು, ನನ್ನನ್ನು ಜೊತೆ ಮಾಡಿ ಬಸ್ಸು ಹತ್ತಿಸಿದರು. “ಕೇಳದೆ ವಾಪಸ್ ಬರಲಿಕ್ಕೆ ಬಿಡಬೇಡ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಜ್ಜ ಗೋದಾಮಿನ ಬಾಗಿಲಲ್ಲಿ ಗೋಣಿ ಹಾಸಿ ಕೂತಿದ್ದರು. ಅಪ್ಪ ಮಳೆಯ ಮಾತಾಡಿದರು, ಅಕ್ಕಿಯ ಮಾತಾಡಿದರು, ಬಸ್ಸಿನ ಮಾತಾಡಿದರು. ನಾನು ಕಾದು ಸಾಕಾಗಿ, “ನಮ್ಮ ಮನೆಯ ನೆಲದ ಪೈಂಟ್ ಎದ್ದಿದೆ ಅಜ್ಜಾ” ಎಂದೆ. ಅಪ್ಪ ನನ್ನನ್ನು ನೋಡಿದರು. ಮತ್ತೆ ಮೆಲ್ಲನೆ ಎಲ್ಲ ಹೇಳಿದರು. ಬಸ್ಸಿನ ಪೈಂಟ್, ಮಳೆಗೆ ಜಗ್ಗದ ಪೈಂಟ್, ಅದು ಯಾಕೆ ಹೀಗಾಯಿತು ಎಂದು.

ಅಜ್ಜ ಎಲೆಯಡಿಕೆ ಉಗುಳಿ ಬಂದು ಕೂತರು. “ಬಸ್ಸಿಗೆ ಮಳೆ ಮೇಲಿಂದ ಬರ್ತದೆ. ನೆಲಕ್ಕೆ ಮಳೆ ಅಡಿಯಿಂದ ಬರ್ತದೆ. ನೀವು ಬಾಗಿಲು ಹಾಕಿದ್ದೀರಿ, ನೀರು ಒಳಗೆ ಉಂಟು. ಅದು ಬಾಗಿಲು ಮುರಿಯದೆ ಎಂತ ಮಾಡ್ತದೆ?”

ಅವರು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಚೀಲಗಳ ಅಡಿಯ ನೆಲ ತೋರಿಸಿದರು. ನೇತ್ರಾವತಿ ಉಕ್ಕಿದರೆ ಬಾಗಿಲಿಗೆ ನೀರು ಬರುವ ಊರು ಅದು. ನೆಲ ಮಾತ್ರ ಬೆರಳಿಗೆ ಒಣಗಿಯೇ ತಾಗಿತು. ಮಾಡಬೇಕಾದ್ದನ್ನು ಅವರು ಗಡಿಬಿಡಿಯಿಲ್ಲದೆ ಹೇಳಿದರು. ಮೊದಲು ಗುಡ್ಡೆಯ ಕಡೆ, ಗೋಡೆಯ ಹೊರಗೆ, ನೆಲಕ್ಕಿಂತ ತಗ್ಗಾಗಿ ಚರಂಡಿಯ ಹಾಗೆ ಒಂದು ಕಣಿ ತೋಡಿ ನೀರಿಗೆ ಬೇರೆ ದಾರಿ ಕೊಡಬೇಕು. ಹಳೆಯ ಪೈಂಟು ಪೂರ್ತಿ ಕೆರೆಯಬೇಕು. ಒಂದು ಇಡೀ ಬೇಸಿಗೆ ನೆಲ ಒಣಗಬೇಕು. ಒಣಗಿತೋ ಇಲ್ಲವೋ ನೋಡಲಿಕ್ಕೆ ಒಂದು ತುಂಡು ಪ್ಲಾಸ್ಟಿಕ್ ಹಾಸಿ, ಅಂಚಿಗೆ ಕಲ್ಲು ಹೇರಿ, ಮರುದಿನ ಎತ್ತಬೇಕು. ಅಡಿಯಲ್ಲಿ ಬೆವರಿದ್ದರೆ ಪುನಃ ಕಾಯಬೇಕು. ಆಮೇಲೆ ನೀರು ಬೆರೆಸಿದ ಆಸಿಡಿನಿಂದ ತೊಳೆದು ನೆಲದ ಮೈ ಬಿಡಿಸಿ ಪೈಂಟ್ ಹಿಡಿಯುವ ಹಾಗೆ ಮಾಡಬೇಕು. ಮೊದಲನೆಯ ಕೋಟು ನೀರಿನಷ್ಟು ತೆಳ್ಳಗೆ ಹೊಡೆಯಬೇಕು.

“ನೀವು ದಪ್ಪ ಹೊಡೆದಿರಬೇಕು” ಅಂದರು ಅಜ್ಜ.

“ಹೌದು” ಎಂದರು ಅಪ್ಪ. ಬರುವಾಗ ಬಸ್ಸು ಸಿದ್ಧಕಟ್ಟೆ ದಾಟಿತು. ಆಮೇಲೆ ಅಪ್ಪ, “ಒಳ್ಳೆ ಮನುಷ್ಯ” ಅಂದರು.

ಮಳೆ ನಿಂತ ಮೇಲೆ ಕಣಿ ತೋಡಿದೆವು. ಮುರಕಲ್ಲಿನ ನೆಲ, ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತಿತ್ತು. ಅಪ್ಪ ಅಗೆದರು, ನಾನೂ ಅಮ್ಮನೂ ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ನವೆಂಬರಿನಲ್ಲೂ ಆ ಕಣಿಯಲ್ಲಿ ಬೆರಳು ಗಾತ್ರದ ನೀರು ಹರಿಯುತ್ತಿತ್ತು. ಅಮ್ಮ ಅದನ್ನು ನೋಡಿ, ಒರತೆಯ ವಿಷಯ ಎತ್ತಲಿಲ್ಲ. ಅಪ್ಪನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಹಳೆಯ ಪೈಂಟು ಕೆರೆಯುವ ಕೆಲಸ ಅಕ್ಕನದು. ದಿನಕ್ಕೆ ಒಂದು ಚಾಪೆಯಷ್ಟು ಜಾಗವನ್ನು ಅವಳು ತಂತಿ ಬ್ರಶ್ಶಿನಿಂದ ತಿಕ್ಕಿ ತೆಗೆದಳು. ಪ್ಲಾಸ್ಟಿಕ್ ಹಾಸಿ ನೋಡುವ ಕೆಲಸವನ್ನೂ ಅವಳೇ ಹಿಡಿದಳು. ಜನವರಿಯಲ್ಲಿ ಎತ್ತಿದಾಗ ಅಡಿಯಲ್ಲಿ ಹನಿಗಳಿದ್ದವು. ಫೆಬ್ರವರಿಯಲ್ಲಿ ಬರೀ ಮಸುಕು. ಮಾರ್ಚಿನಲ್ಲಿ ಎತ್ತಿ, ಕೆನ್ನೆಗೆ ಒತ್ತಿ ನೋಡಿ, “ಇಲ್ಲ” ಅಂದಳು. ಏಪ್ರಿಲಿನಲ್ಲಿ ನಮ್ಮನ್ನೆಲ್ಲ ಕರೆದು ತೋರಿಸಿದಳು. ಪ್ಲಾಸ್ಟಿಕ್ಕಿನ ಅಡಿ ಒಣಗಿ ಗರಿಗರಿ ಇತ್ತು.

ಬಣ್ಣ ಯಾವುದು ಎಂಬ ಮಾತು ಬಂದಾಗ ಅಪ್ಪ, “ಕೆಂಪು ತರ್ತೇನೆ” ಅಂದರು. ಹಸಿರಿನ ಹೆಸರು ಹೇಳಲಿಕ್ಕೂ ಅವರಿಗೆ ನಾಚಿಕೆ.

“ಹಸಿರೇ ಬೇಕು” ಅಂದಳು ಅಕ್ಕ. “ಹಸಿರಿನ ಮೇಲೆ ಸೂಜಿ ಬಿದ್ದರೆ ಹೊಳೀತದೆ. ಕೆಂಪಿನ ಮೇಲೆ ಕಾಣುದಿಲ್ಲ, ನನ್ನ ಕೈಗೇ ಚುಚ್ಚುದು.”

ಹೊಡೆಯುವವರು ಯಾರು? ಅಪ್ಪ ಹಟ ಬಿಡಲಿಲ್ಲ. ಅವರ ಸೊಂಟವೂ ಕಣಿ ತೋಡಿ ಹಿಡಿದಿತ್ತು. ನಾನು ಹೊಡೆಯುತ್ತೇನೆಂದೆ. ಅಕ್ಕ ನಕ್ಕಳು. “ನೀವೆಲ್ಲ ನೆಲಕ್ಕೆ ಬಗ್ಗಬೇಕು. ನಾನು ನೆಲದಲ್ಲೇ ಇದ್ದೇನೆ.”

ಆಸಿಡಿನಿಂದ ತೊಳೆಯುವುದನ್ನು ಮಾತ್ರ ಅಪ್ಪ ಅವಳಿಗೆ ಬಿಡಲಿಲ್ಲ. ಅದು ಮುಗಿದು, ನೆಲ ಪುನಃ ಒಣಗಿದ ಮೇಲೆ ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಕೂತಳು. ಗುಡ್ಡೆಯ ಕಡೆಯ ಗೋಡೆಗೆ ಮುಖ ಮಾಡಿ, ಪಕ್ಕದಲ್ಲಿ ಅಗಲ ಬಾಯಿಯ ಡಬ್ಬ ಇಟ್ಟುಕೊಂಡು, ಎಡದಿಂದ ಬಲಕ್ಕೆ ಒಂದು ಪಟ್ಟಿ ಹೊಡೆಯುವುದು, ಒಂದು ಗೇಣು ಹಿಂದೆ ಸರಿಯುವುದು, ಪುನಃ ಎಡದಿಂದ ಬಲಕ್ಕೆ. ಮೈ ಎತ್ತಿ ಹಿಂದೆ ಇಡುವುದು ಅವಳಿಗೆ ಹುಟ್ಟು ಅಭ್ಯಾಸದ ಹಾಗೆ. ಹಸಿ ಬಣ್ಣಕ್ಕೆ ಸೆರಗಿನ ತುದಿಯೂ ತಾಗಲಿಲ್ಲ. ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತಿದ್ದ ಅಪ್ಪನಿಗೆ ತಡೆಯಲಿಕ್ಕೆ ಆಗುತ್ತಿರಲಿಲ್ಲ.

“ಬ್ರಶ್ಶಿನಲ್ಲಿ ಹೆಚ್ಚಾಯಿತು” ಅಂದರು.

“ಹೌದಾ?” ಎಂದು ಅವಳು ಡಬ್ಬದ ಅಂಚಿಗೆ ಒತ್ತಿ ಇಳಿಸಿದಳು.

“ಆ ಮೂಲೆ ಬಿಟ್ಟಿತು.”

“ಬಿಡಲಿಲ್ಲ ಅಪ್ಪ. ನೀವು ಅಲ್ಲಿಂದ ನೋಡ್ತೀರಿ. ನನಗೆ ಇಲ್ಲಿಂದ ಕಾಣ್ತದೆ.”

ಅದಾದ ಮೇಲೆ ಅಪ್ಪ ಕೈಯನ್ನು ತೊಡೆಯ ಮೇಲೆ ಅವಳ ಬ್ರಶ್ಶಿನ ಜೊತೆಗೇ ಆಡಿಸುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಹಿಂದೆ ಸರಿಯುತ್ತ ಸರಿಯುತ್ತ ಬಾಗಿಲಿನಿಂದ ಹೊರಗೆ ಬಿಸಿಲಿಗೆ ಬಂದು, ಹೊಸ್ತಿಲಿಲ್ಲದ ಆ ಬಾಗಿಲಿನ ಗೆರೆಯ ಮೇಲೆ ಕೊನೆಯ ಪಟ್ಟಿ ಎಳೆದಳು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಅಪ್ಪ ಬಗ್ಗಿ, ಬೆಳಕಿಗೆ ಓರೆಯಾಗಿ ನೆಲ ನೋಡಿದರು. ಅವಳ ಕೈಯಿಂದ ಬ್ರಶ್ ತೆಗೆದುಕೊಂಡು, ತಾವೇ ಥಿನ್ನರಿನಲ್ಲಿ ತೊಳೆದು, ಹಳೆ ಬನಿಯನ್ನಿನಲ್ಲಿ ಒರೆಸಿ, ಕಾಗದ ಸುತ್ತಿ ಅವಳಿಗೆ ಕೊಟ್ಟರು. ಗ್ಯಾರೇಜಿನಲ್ಲಿ ತಮ್ಮ ಬ್ರಶ್ಶನ್ನು ಇನ್ನೊಬ್ಬರು ಮುಟ್ಟಲಿಕ್ಕೆ ಬಿಡದ ಮನುಷ್ಯ ಅವರು.

ಎರಡನೆಯ ಕೋಟೂ ಅವಳದೇ. ಒಣಗುವವರೆಗೆ ಒಂದು ವಾರ ಒಳಗೆ ಹೋಗಬಾರದೆಂದು ಅಜ್ಜ ಹೇಳಿದ್ದರು. ಆ ವಾರ ಅವಳು ಮನೆಯವರಿಗೆಲ್ಲ ಕಿರಿಕಿರಿ ಮಾಡಿದಳು, ಅಮ್ಮ ಬೇಸತ್ತು ಅವಳಿಗೆ ಹಲಸಿನ ಹಪ್ಪಳ ಲಟ್ಟಿಸಲಿಕ್ಕೆ ಕೊಟ್ಟರು.

ಜೂನಿನ ಮಳೆಗೆ ನಾವೆಲ್ಲ ಹೆದರಿಕೊಂಡೇ ಇದ್ದೆವು. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಕೆಳಗೆ ಹೋಗಿ ಗೋಡೆಯ ಬುಡ ಮುಟ್ಟಿ ನೋಡಿ ಬರುತ್ತಿದ್ದರು. ಕಣಿಯಲ್ಲಿ ಕೆಂಪು ನೀರು ಹೊಳೆಯ ಹಾಗೆ ಹೋಯಿತು. ನೆಲ ನಿಂತಿತು. ಪೂರ್ವದ ಮೂಲೆಯಲ್ಲಿ ಒಂದು ಕೈಯಗಲ ಜಾಗ ಮಾತ್ರ ಎದ್ದಿತು, ಅಲ್ಲಿಗೆ ಅಕ್ಕ ಕತ್ತರಿಸಿದ ಬಟ್ಟೆಯ ಚೂರುಗಳ ಬುಟ್ಟಿ ಇಟ್ಟಳು.

ಉಮ್ಮ ತಮ್ಮ ಎರಡನೆಯ ಮಗಳನ್ನು ಹೊಲಿಗೆ ಕಲಿಯಲಿಕ್ಕೆ ಕಳಿಸಿದರು. ಅವಳ ಹಿಂದೆ ಬೀಡಿ ಕಟ್ಟುವ ಮನೆಗಳ ಹುಡುಗಿಯರು ಬಂದರು. ಅಕ್ಕ ಕಾಗದದ ಮೇಲೆ ಕಲಿಸುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದು ಆ ಹಸಿರು ನೆಲದ ಮೇಲೆ ಕುತ್ತಿಗೆ, ತೋಳು, ಬೆನ್ನು ಎಂದು ದೊಡ್ಡದಾಗಿ ಬರೆಯುತ್ತಿದ್ದಳು, ಹುಡುಗಿಯರು ಸುತ್ತ ಕೂತು ನೋಡುತ್ತಿದ್ದರು. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಟೀಚರ್ ಆಗಿದ್ದ ನನಗೆ ಅಂಥ ಬೋರ್ಡು ಯಾವ ಶಾಲೆಯಲ್ಲೂ ಸಿಗಲಿಲ್ಲ. ಎಲ್ಲರೂ ನೆಲದಲ್ಲೇ ಕೂರುವ ಆ ಕೋಣೆಯಲ್ಲಿ ಅಕ್ಕ ನಡೆಯಲಾರದವಳೆಂಬುದು ಹೊಸದಾಗಿ ಬಂದವರಿಗೆ ಎಷ್ಟೋ ಹೊತ್ತು ತಿಳಿಯುತ್ತಲೇ ಇರಲಿಲ್ಲ.

ಮೂರು ವರ್ಷದ ನಂತರ ನನಗೆ ಬೆಳ್ತಂಗಡಿಗೆ ಮದುವೆಯಾಯಿತು. ಗಂಡನ ಮನೆಯವರು ಹಿತ್ತಿಲ ಬದಿಯಲ್ಲಿ ಎರಡು ಕೋಣೆ ಹೊಸದಾಗಿ ಕಟ್ಟಿಸುತ್ತಿದ್ದರು. ಅಕ್ಕ ಒಂದು ರಜೆಯಲ್ಲಿ ಬಂದಳು, ಅಪ್ಪನ ಸಹಾಯವಿಲ್ಲದೆ, ತನ್ನ ಇಬ್ಬರು ವಿದ್ಯಾರ್ಥಿನಿಯರ ಜೊತೆ, ಬಸ್ಸಿನಲ್ಲಿ. ಊಟಕ್ಕೆ ಮೊದಲೇ ಕೆಲಸ ನಡೆಯುವಲ್ಲಿಗೆ ಸರಿದು ಹೋಗಿ, ಹಾರೆ ಹಿಡಿದು ನಿಂತಿದ್ದ ಮೇಸ್ತ್ರಿಯನ್ನು ಕೇಳಿದಳು, “ಮಳೆಗಾಲದಲ್ಲಿ ಇಲ್ಲಿ ನೀರು ಯಾವ ಕಡೆಯಿಂದ ಬರ್ತದೆ?”

ಅವರು ಮೊದಲು ನಕ್ಕರು. ಅವಳು ನಗಲಿಲ್ಲ. ಆಮೇಲೆ ಹಾರೆಯನ್ನು ಗೋಡೆಗೆ ಒರಗಿಸಿ, ಅವಳ ಎದುರು ಕುಕ್ಕುರುಗಾಲಿನಲ್ಲಿ ಕೂತು, “ಆ ತೆಂಗಿನ ಬುಡದಿಂದ ಅಕ್ಕಾ” ಎಂದು ಕೈ ತೋರಿಸಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಅತ್ತೆ ಊಟಕ್ಕೆ ಎರಡು ಸಲ ಕರೆದರು. ಅಕ್ಕ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಹುಡುಗಿಯರು ಬರಲಿಕ್ಕುಂಟು ಎಂದು ಸಂಜೆಯ ಬಸ್ಸಿಗೇ ಹೊರಟಳು.